ಕಡಲೆಕಾಯಿ ಸಿಪ್ಪೆಯೂ ನಮ್ಮ ಕೊಳವೆಬಾವಿಯ ನೀರೂ

(ಶಾಲೆಯ ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಸಸ್ಯಜನ್ಯ ಮಾರ್ಪಡಿತ ಅಧಿಶೋಷಕಗಳಿಂದ ಭಾರಲೋಹಗಳ ನಿವಾರಣೆ’ ಅಂತ ಅಚ್ಚಾಗಿದೆ. ಅದನ್ನು ಓದಿ ನಮ್ಮ ಚಿಕ್ಕಪ್ಪನವರು, “ಇದು ಕನ್ನಡವೇ ಏನವ್ವಾ?” ಅಂದರು. ಕನ್ನಡವೇ. ಬಿಡಿಸಿ ಹೇಳಿದರೆ ಇಷ್ಟು: ಕಡಲೆಕಾಯಿ ಸಿಪ್ಪೆ, ಹುಣಸೆಬೀಜ, ತೆಂಗಿನ ಚಿಪ್ಪು, ಭತ್ತದ ಹೊಟ್ಟು, ಮರದ ಪುಡಿ, ಇಂಥವನ್ನು ಸ್ವಲ್ಪ ಹದಮಾಡಿಕೊಂಡು, ನೀರಿನಲ್ಲಿ ಕರಗಿರುವ ಸೀಸ, ತಾಮ್ರ, ಕ್ಯಾಡ್ಮಿಯಂ, ಕ್ರೋಮಿಯಂ ಮುಂತಾದ ಲೋಹಗಳನ್ನು ಅವುಗಳಿಂದ ಹಿಡಿಸಿ ತೆಗೆಯುವುದು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವ ನಾನು ಕೆಲವು ವರ್ಷಗಳಿಂದ ಈ ಕೆಲಸದಲ್ಲಿ ಕೈ ಆಡಿಸುತ್ತಿದ್ದೇನೆ.

ಬಂದಾಗಿನಿಂದ ನಾಲ್ಕೈದು ಜನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. “ಅಲ್ಲಮ್ಮಾ, ನಿನ್ನ ಪುಡಿ ಹಾಕಿದರೆ ನಮ್ಮ ನೀರಿನ ಫ್ಲೋರೈಡ್ ಹೋಗುತ್ತದಾ?” ಕೊನೆಯವರೆಗೆ ಕಾಯಿಸುವುದು ಬೇಡ, ಈಗಲೇ ಹೇಳಿಬಿಡುತ್ತೇನೆ. ಕಡಲೆಕಾಯಿ ಸಿಪ್ಪೆಯಿಂದ ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ, ಹಾಗಾದರೆ ಅದು ಎಲ್ಲಿಗೆ ಬರುತ್ತದೆ, ನಮ್ಮ ನೀರಿಗೆ ಏನು ಮಾಡಬೇಕು ಎನ್ನುವುದೇ ನನ್ನ ಭಾಷಣ. ಯಾಕೆಂದರೆ ಮೊಬೈಲಿನಲ್ಲಿ ದಿನಕ್ಕೊಂದು ಬರುತ್ತದೆ: ಈ ಬೀಜ ಹಾಕಿ ನೀರು ಶುದ್ಧ ಮಾಡಿಕೊಳ್ಳಿ, ಆ ಎಲೆ ಹಾಕಿ ವಿಷ ತೆಗೆಯಿರಿ ಅಂತ. ಅದನ್ನು ನಂಬಿ ಮಕ್ಕಳಿಗೆ ಕೊಳವೆಬಾವಿ ನೀರನ್ನೇ ಕುಡಿಸಿದರೆ ಲೆಕ್ಕ ಬರುವುದು ಆ ಮಕ್ಕಳ ಹಲ್ಲಿನಲ್ಲಿ, ಮೂಳೆಯಲ್ಲಿ.

ಮೊದಲು ಹಿರಿಯರಿಗೆ ಗೊತ್ತಿರುವ ವಿಷಯದಿಂದ ಶುರುಮಾಡೋಣ. ಕೆರೆ ನೀರು ಕುಡಿಯುತ್ತಿದ್ದ ಕಾಲದಲ್ಲಿ ಮಡಿಕೆಯ ಒಳಮೈಗೆ ಚಿಲ್ಲದ ಬೀಜ ತೇಯ್ದು ನೀರು ತುಂಬಿಡುತ್ತಿದ್ದರು. ಬಗ್ಗಡವೆಲ್ಲ ತಳಕ್ಕೆ ಕೂತು ನೀರು ತಿಳಿಯಾಗುತ್ತಿತ್ತು. ಸುಶ್ರುತ ಸಂಹಿತೆಯಲ್ಲಿ ಕತಕ ಎಂದು ಹೆಸರಿರುವ ಬೀಜ ಅದೇ. ನುಗ್ಗೆಬೀಜದ ಪುಡಿಯೂ ಹಾಗೇ ಮಾಡುತ್ತದೆ. ಇದು ನಿಜವಾದ ವಿದ್ಯೆ, ಇದರಲ್ಲಿ ಮೂಢನಂಬಿಕೆ ಏನೂ ಇಲ್ಲ. ಆದರೆ ಅದು ತೆಗೆಯುವುದು ತೇಲಾಡುವ ಮಣ್ಣನ್ನು. ಕರಗಿದ್ದನ್ನಲ್ಲ. ಒಂದು ಲೋಟ ನೀರಿಗೆ ಮಣ್ಣು ಹಾಕಿದರೆ ಕಾಣುತ್ತದೆ, ಉಪ್ಪು ಹಾಕಿ ಕಲಕಿದರೆ ಕಾಣುವುದಿಲ್ಲ. ನಮ್ಮ ಕೊಳವೆಬಾವಿಯ ನೀರು ಕನ್ನಡಿಯ ಹಾಗಿದೆ. ತಿಳಿಯಾಗಿದೆ ಎಂದಮಾತ್ರಕ್ಕೆ ಅದರಲ್ಲಿ ಏನೂ ಇಲ್ಲ ಎಂದಲ್ಲ. ಕಾಯಿಸಿ ಕುಡಿದರೆ ರೋಗಾಣು ಸಾಯುತ್ತದೆ, ಕರಗಿದ ಲೋಹವಾಗಲಿ ಫ್ಲೋರೈಡ್ ಆಗಲಿ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ.

ಕರಗಿದ್ದು ಎಷ್ಟಿದ್ದರೆ ಅಪಾಯ? ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿಗೆ ಹಾಕಿರುವ ಮಿತಿ ಹೀಗಿದೆ: ಲೀಟರಿಗೆ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003, ಪಾದರಸ 0.001, ಕ್ರೋಮಿಯಂ 0.05. ಈ ಸೊನ್ನೆಗಳು ಬಾಯಿಗೆ ಬರುತ್ತವೆ, ತಲೆಗೆ ಹೋಗುವುದಿಲ್ಲ. ಹೀಗೆ ಹೇಳುತ್ತೇನೆ. ಬೇಸಿಗೆಯಲ್ಲಿ ನಮ್ಮೂರಿಗೆ ಬರುವ ನೀರಿನ ಟ್ಯಾಂಕರ್ 5,000 ಲೀಟರ್ ಹಿಡಿಯುತ್ತದೆ ಎಂದುಕೊಳ್ಳಿ. ಅಂಥ 20 ಟ್ಯಾಂಕರ್ ನೀರನ್ನು ಸೀಸದ ಮಿತಿಗೆ ತಂದು ನಿಲ್ಲಿಸಲು ಒಂದೇ ಗ್ರಾಂ ಸೀಸ ಸಾಕು. ನಮ್ಮ ಕೆಲಸ ಇಷ್ಟು ಸಣ್ಣದನ್ನು ಹುಡುಕಿ ಹಿಡಿಯುವುದು. ಜರಡಿಗೆ, ಬಟ್ಟೆಗೆ ಸಿಕ್ಕುವಂಥದ್ದಲ್ಲ ಇದು.

ಹಿಡಿಯುವ ಬಗೆಗೆ ಅಧಿಶೋಷಣೆ ಎಂದು ಹೆಸರು. ಹೀರುವುದು ಬೇರೆ, ಇದು ಬೇರೆ. ಮುದ್ದೆಗೆ ಸಾರು ಹಾಕಿದರೆ ಒಳಗೆ ಹೀರಿಕೊಳ್ಳುತ್ತದೆ. ಅಧಿಶೋಷಣೆಯಲ್ಲಿ ವಸ್ತು ಹೊರಮೈಗೆ ಅಂಟಿಕೊಳ್ಳುತ್ತದೆ. ಕೊಯ್ಲು ಮುಗಿದ ಹೊಲದ ಬದುವಿನ ಮೇಲೆ ನಡೆದು ಬನ್ನಿ, ಪಂಚೆಯ ಅಂಚಿಗೆ, ಸೀರೆಯ ಅಂಚಿಗೆ ಉತ್ತರಾಣಿ ಬೀಜ ಹತ್ತಿಕೊಂಡಿರುತ್ತದೆ. ಅದೇ ಅಧಿಶೋಷಣೆ. ಇದರಲ್ಲಿ ಮೂರು ಸಂಗತಿ ನೋಡಿ. ಒರಟು ಬಟ್ಟೆಗೆ ಹತ್ತುವಷ್ಟು ನುಣುಪು ಬಟ್ಟೆಗೆ ಹತ್ತುವುದಿಲ್ಲ. ಅಂಚೆಲ್ಲ ತುಂಬಿದ ಮೇಲೆ ಎಷ್ಟು ನಡೆದರೂ ಹೊಸದು ಹತ್ತಲು ಜಾಗವಿಲ್ಲ. ಮತ್ತೆ, ಉತ್ತರಾಣಿ ಹತ್ತುತ್ತದೆ ಎಂದು ರಾಗಿ ಕಾಳು ಹತ್ತುವುದಿಲ್ಲ. ಜಾಗ ತುಂಬುವ ಆ ಎರಡನೆಯ ಸಂಗತಿಯನ್ನು ಗಣಿತಕ್ಕೆ ಇಳಿಸಿದವರು ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್, 1918ರಲ್ಲಿ. ಮೇಲ್ಮೈಗಳ ರಸಾಯನಶಾಸ್ತ್ರಕ್ಕಾಗಿ 1932ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತಿಗೂ ನಮ್ಮ ಹುಡುಗರು ಪ್ರಯೋಗದ ಕೊನೆಗೆ ಎಳೆಯುವ ಗೆರೆ ಅವರದೇ.

ಹೊಸ ಪುಡಿಗಳಿಗೆಲ್ಲ ಅಜ್ಜ ಇದ್ದಿಲು. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಬಂದಾಗ ಸೈನಿಕರ ಮುಖವಾಡಕ್ಕೆ ತುಂಬಿದ್ದು ತೆಂಗಿನ ಚಿಪ್ಪಿನ ಇದ್ದಿಲು. ಚಿಪ್ಪು ಸಾಲದೆ ಅಮೆರಿಕದಲ್ಲಿ ಜನರಿಂದ ಪೀಚ್ ಹಣ್ಣಿನ ಓಟೆ ಕೂಡಿಸಿದರು. ಇಂದು ಮನೆಮನೆಯ ಫಿಲ್ಟರಿನೊಳಗೆ ಇರುವ ಕಪ್ಪು ಪುಡಿಯಲ್ಲಿ ಬಹುಪಾಲು ತೆಂಗಿನ ಚಿಪ್ಪಿನದೇ. ತುಮಕೂರು ಜಿಲ್ಲೆಯವರು ತೆಂಗಿನ ಬೆಲೆ ಮಾತಾಡುವಾಗ ಚಿಪ್ಪನ್ನು ಮರೆಯಬಾರದು.

ಈಗ ಸಿಪ್ಪೆಗೆ ಬರೋಣ. ಕಡಲೆಕಾಯಿ ಸಿಪ್ಪೆಯಲ್ಲಿ ಇರುವುದು ಹೆಚ್ಚಾಗಿ ಸೆಲ್ಯುಲೋಸ್ ಮತ್ತು ಲಿಗ್ನಿನ್. ಹಾಗೇ ಪುಡಿಮಾಡಿ ನೀರಿಗೆ ಹಾಕಿದರೂ ಸ್ವಲ್ಪ ಲೋಹ ಹಿಡಿಯುತ್ತದೆ, ಆದರೆ ಎರಡು ತೊಂದರೆ. ಒಂದು, ಸಿಪ್ಪೆಯ ಬಣ್ಣ, ಒಗರು ನೀರಿಗೆ ಇಳಿಯುತ್ತದೆ. ಎರಡು ದಿನ ಬಿಟ್ಟರೆ ನಾರುತ್ತದೆ. ಇನ್ನೊಂದು, ಹಿಡಿಯುವ ಕೈಗಳು ಕಡಿಮೆ. ಅದಕ್ಕೇ ಹದಮಾಡುವುದು. ಅಮೆರಿಕದ ಕೃಷಿ ಇಲಾಖೆಯ ನ್ಯೂ ಆರ್ಲಿಯನ್ಸ್ ಸಂಶೋಧನಾ ಕೇಂದ್ರದವರು 2000ದ ಹೊತ್ತಿಗೆ ಒಂದು ಸರಳ ಹದ ತೋರಿಸಿದರು. ಸಿಪ್ಪೆಯ ಪುಡಿಯನ್ನು ಸಿಟ್ರಿಕ್ ಆಮ್ಲದಲ್ಲಿ ನೆನೆಸಿ, ಒಣಗಿಸಿ, 120 ಡಿಗ್ರಿಯಲ್ಲಿ ಕಾಯಿಸುವುದು. ಸಿಟ್ರಿಕ್ ಆಮ್ಲ ಎಂದರೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು. ಅದರ ಅಣುವಿಗೆ ಮೂರು ಕೈ. ಬಿಸಿಯಲ್ಲಿ ಒಂದು ಕೈಯಿಂದ ಸಿಪ್ಪೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಉಳಿದೆರಡು ಕೈ ಹೊರಗೆ ಚಾಚಿರುತ್ತವೆ. ಆ ಕೈಗಳಿಗೆ ಋಣ ವಿದ್ಯುದಂಶ. ನೀರಿನಲ್ಲಿರುವ ತಾಮ್ರ, ಸೀಸ, ಕ್ಯಾಡ್ಮಿಯಂಗಳಿಗೆ ಧನ ವಿದ್ಯುದಂಶ. ಮಿಕ್ಕಿದ್ದು ಹತ್ತನೆಯ ತರಗತಿಯ ಮಕ್ಕಳೇ ಹೇಳುತ್ತಾರೆ.

ಇಲ್ಲಿ ಮೇಜಿನ ಮೇಲೆ ಎರಡು ಬಾಟಲಿ ಇಟ್ಟಿದ್ದೇನೆ. ಎರಡರಲ್ಲೂ ಮೈಲುತುತ್ತ ಕರಗಿಸಿದ ನೀರು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಇದು ಗೊತ್ತು, ಮೈಲುತುತ್ತ ಎಂದರೆ ತಾಮ್ರದ ಲವಣ. ನೀರು ತೀರಾ ತೆಳ್ಳಗಾದ್ದರಿಂದ ನೀಲಿ ಕಾಣುತ್ತಿಲ್ಲ. ಬಲಗಡೆಯ ಬಾಟಲಿಗೆ ನಿಂಬೆ ಉಪ್ಪಿನ ಹದ ಕೊಟ್ಟು ಚೆನ್ನಾಗಿ ತೊಳೆದ ಸಿಪ್ಪೆಪುಡಿ ಹಾಕಿ, ಬೆಳಗ್ಗೆಯಿಂದ ಆಗಾಗ ಕುಲುಕಿ, ಈಗ ಸೋಸಿದ್ದೇನೆ. ಎರಡಕ್ಕೂ ಅಮೋನಿಯಾ ಹನಿ ಬಿಡುತ್ತೇನೆ. ನೋಡಿ, ಎಡಗಡೆಯದು ಕಡುನೀಲಿ. ಬಲಗಡೆಯದು ಬಣ್ಣ ಬಂತೇ ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. ತಾಮ್ರ ಎಲ್ಲಿ ಹೋಯಿತು? ಈ ಸೋಸಿದ ಬಟ್ಟೆಯಲ್ಲಿರುವ ಪುಡಿಯಲ್ಲಿದೆ. ಇದನ್ನು ನೆನಪಿನಲ್ಲಿಡಿ, ಈ ಪುಡಿಯ ಮಾತು ಮತ್ತೆ ಬರುತ್ತದೆ.

(ಚಪ್ಪಾಳೆ ತಟ್ಟಿದ ಮಕ್ಕಳಿಗೆ: ತಡೆಯಿರಿ, ಇನ್ನೂ ಒಂದು ಬಾಟಲಿ ಇದೆ.)

ಮೂರನೆಯದು ನಮ್ಮ ಕಡೆಯದೇ ಒಂದು ಕೊಳವೆಬಾವಿಯ ನೀರು. ಯಾರ ಹೊಲದ್ದು ಎಂದು ಹೇಳುವುದಿಲ್ಲ, ಅವರದೊಬ್ಬರದೇ ಹೀಗಿಲ್ಲ. ಪಂಚಾಯಿತಿಯಲ್ಲಿ ಇರುವ ಪರೀಕ್ಷಾ ಕಿಟ್‌ನ ಫ್ಲೋರೈಡ್ ದ್ರವ ಹಾಕಿದರೆ, ಫ್ಲೋರೈಡ್ ಹೆಚ್ಚಿದಷ್ಟೂ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ. ಇದು ಹಳದಿಗೇ ತಿರುಗಿತು. ಇದೇ ನೀರಿಗೆ ಅದೇ ಸಿಪ್ಪೆಪುಡಿ ಹಾಕಿ, ಅಷ್ಟೇ ಹೊತ್ತು ಕುಲುಕಿ, ಸೋಸಿ, ಮತ್ತೆ ದ್ರವ ಹಾಕಿದ್ದೇನೆ. ಮುಂದಿನ ಸಾಲಿನವರು ಹೇಳಿ, ಬಣ್ಣ ಬದಲಾಗಿದೆಯೇ? ಇಲ್ಲ. ಫ್ಲೋರೈಡ್‌ಗೆ ಋಣ ವಿದ್ಯುದಂಶ, ಸಿಪ್ಪೆಯ ಕೈಗೂ ಋಣ ವಿದ್ಯುದಂಶ. ಒಂದನ್ನೊಂದು ದೂಡುತ್ತವೆ. ತಾಮ್ರಕ್ಕೆ ಉತ್ತರಾಣಿಯ ಹಾಗೆ ವರ್ತಿಸಿದ ಅದೇ ಪುಡಿ ಫ್ಲೋರೈಡ್ ಎದುರು ಬರಿ ಸಿಪ್ಪೆ.

ಪಾವಗಡ, ಮಧುಗಿರಿ, ಶಿರಾ ಕಡೆಯ ನೀರಿನಲ್ಲಿ ಫ್ಲೋರೈಡ್ ಎಲ್ಲಿಂದ ಬಂತು ಎಂದು ಮಕ್ಕಳು ಕೇಳಬಹುದು. ಯಾವ ಕಾರ್ಖಾನೆಯೂ ಬಿಟ್ಟದ್ದಲ್ಲ. ನಮ್ಮ ಕಾಲ ಕೆಳಗಿನ ಗ್ರಾನೈಟ್ ಮತ್ತು ನೈಸ್ ಶಿಲೆಯಲ್ಲೇ ಅದು ಇದೆ. ನೀರು ಬಂಡೆಯ ಬಿರುಕಿನಲ್ಲಿ ಬಹಳ ಕಾಲ ನಿಂತಷ್ಟೂ, ಅದರಲ್ಲಿ ಸುಣ್ಣದ ಅಂಶ ಕಡಿಮೆಯಾಗಿ ಸೋಡಾದ ಗುಣ ಹೆಚ್ಚಾದಷ್ಟೂ ಫ್ಲೋರೈಡ್ ಇಳಿಯುತ್ತದೆ. ಸೇದುವ ಬಾವಿ ಬತ್ತಿ ನಾವು ನೂರಾರು ಅಡಿ ಕೊರೆದು ಕೆಳಗಿಳಿದದ್ದು ಆ ಹಳೆಯ ನೀರಿಗೆ. ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರು ಇಲ್ಲವೇ ಇಲ್ಲ ಎಂದರೆ 1.5ರವರೆಗೆ. ಹಾಲುಹಲ್ಲು ಬಿದ್ದು ಬರುವ ಹಲ್ಲು ಒಸಡಿನೊಳಗೆ ರೂಪುಗೊಳ್ಳುವುದು ಎಂಟು ವರ್ಷದ ಒಳಗೆ. ಆಗ ಕುಡಿದ ನೀರು ಜೀವಮಾನವಿಡೀ ಹಲ್ಲಿನ ಮೇಲೆ ಕಂದು ಪಟ್ಟೆಯಾಗಿ ನಿಲ್ಲುತ್ತದೆ. ಹೆಣ್ಣು ನೋಡಲು ಬಂದವರ ಮುಂದೆ ಬಾಯಿಗೆ ಸೆರಗು ಹಿಡಿದು ನಕ್ಕವರು ಈ ಸಭೆಯಲ್ಲೂ ಇದ್ದಾರೆ. ಇನ್ನೂ ಹೆಚ್ಚಿನ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದರೆ ಕತ್ತು ತಿರುಗದು, ಸೊಂಟ ಬಗ್ಗದು.

ಹಾಗಾದರೆ ಫ್ಲೋರೈಡ್ ಹಿಡಿಯುವುದು ಯಾವುದು? ಅಲ್ಯೂಮಿನಿಯಂ, ಕಬ್ಬಿಣ, ಜಿರ್ಕೋನಿಯಂ, ಸುಣ್ಣದ ಅಂಶ. ಬಟ್ಟೆಗೆ ಬಣ್ಣ ಕಟ್ಟುವವರು ಮೊದಲು ಪಟಿಕದಲ್ಲಿ ಅದ್ದುತ್ತಾರಲ್ಲ, ಬಣ್ಣ ನಿಲ್ಲಲಿ ಎಂದು? ಅದೇ ಉಪಾಯ. ಗಿಡದ ಪುಡಿಗೋ ಇದ್ದಿಲಿಗೋ ಪಟಿಕದ ಅಲ್ಯೂಮಿನಿಯಂ ಕೂರಿಸಿದರೆ ಅದು ಫ್ಲೋರೈಡನ್ನು ಹಿಡಿಯುತ್ತದೆ. ಇಲ್ಲಿ ಸಸ್ಯ ಬರಿ ಗೋಡೆ, ಗೂಟ ಹೊಡೆದದ್ದು ಅಲ್ಯೂಮಿನಿಯಂ. ಇದ್ದಿಲಿಲ್ಲದೆ ಪಟಿಕವನ್ನೇ ನೇರವಾಗಿ ಬಳಸುವ ವಿಧಾನ 1970ರ ದಶಕದಲ್ಲೇ ಬಂದಿದೆ: ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ ನಲ್ಗೊಂಡ ವಿಧಾನ. ಆ ಸಂಸ್ಥೆಯ ಚುಟುಕು ಹೆಸರು ‘ನೀರಿ’, ಕನ್ನಡಿಗರಿಗೆ ಮರೆಯಲು ಆಗದ ಹೆಸರು. ಸುಣ್ಣ, ಪಟಿಕ ಹಾಕಿ ಕಲಕಿ, ತಳ ಕೂರಿಸಿ, ಮೇಲಿನ ನೀರು ಸೋಸಿಕೊಳ್ಳುವುದು. ವಿಧಾನ ಅಗ್ಗ. ಆದರೆ ನೀರಿನ ಗುಣ ನೋಡಿ ಅಳತೆ ಹಾಕಬೇಕು, ಅಳತೆ ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲೇ ಉಳಿಯುತ್ತದೆ, ದಿನಾ ಕೆಸರು ಬರುತ್ತದೆ. ತಿಂಗಳು ಎರಡು ತಿಂಗಳು ಶ್ರದ್ಧೆಯಿಂದ ಮಾಡಿ ಆಮೇಲೆ ಬಿಟ್ಟುಬಿಡುವುದು ಇಂಥ ಕೆಲಸಗಳ ಹಣೆಬರಹ. ಅಡುಗೆ, ದನ, ಹೊಲ, ಮಕ್ಕಳು ಎಲ್ಲ ನೋಡಿಕೊಳ್ಳುವ ಹೆಂಗಸಿನ ಮೇಲೆ ದಿನಾ ಬೆಳಗ್ಗೆ ಒಂದು ರಸಾಯನಶಾಸ್ತ್ರದ ಪ್ರಯೋಗವನ್ನೂ ಹೊರಿಸಿದರೆ ಅದು ಎಷ್ಟು ದಿನ ನಡೆದೀತು?

ಒಂದು ಲೆಕ್ಕ ಮಾಡೋಣ, ಮಕ್ಕಳು ಬೇಕಾದರೆ ಬರೆದುಕೊಳ್ಳಿ. ಒಂದು ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ನೀರು. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದೆ, 1ಕ್ಕೆ ಇಳಿಸಬೇಕು. ದಿನಕ್ಕೆ ತೆಗೆಯಬೇಕಾದ್ದು 40 ಮಿಲಿಗ್ರಾಂ. ಒಂದು ಗ್ರಾಂ ಪುಡಿ ಒಂದು ಮಿಲಿಗ್ರಾಂ ಹಿಡಿಯುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 40 ಗ್ರಾಂ, ತಿಂಗಳಿಗೆ 1 ಕಿಲೋ 200 ಗ್ರಾಂ ಪುಡಿ. 300 ಮನೆಯ ಊರಿಗೆ ತಿಂಗಳಿಗೆ 360 ಕಿಲೋ. ಅಷ್ಟನ್ನು ತಯಾರಿಸುವವರು ಯಾರು, ಹಂಚುವವರು ಯಾರು? ಅದಕ್ಕಿಂತ ದೊಡ್ಡ ಪ್ರಶ್ನೆ, ತುಂಬಿದ ಪುಡಿಯನ್ನು ಎಲ್ಲಿ ಹಾಕುತ್ತೀರಿ? ತಿಪ್ಪೆಗೆ ಹಾಕಿದರೆ ಮಳೆ ಬಂದಾಗ ಮತ್ತೆ ಕೆಳಗೇ ಇಳಿಯುತ್ತದೆ. ಫ್ಲೋರೈಡ್ ಜಾಗದಲ್ಲಿ ಸೀಸವೋ ಕ್ಯಾಡ್ಮಿಯಮ್ಮೋ ಆಗಿದ್ದರೆ ಒಲೆಗೆ ಹಾಕಿದರೂ ಬೂದಿಯಲ್ಲಿ ಉಳಿಯುತ್ತದೆ, ಸ್ವಲ್ಪ ಹೊಗೆಯಲ್ಲೂ ಹೋಗುತ್ತದೆ. ಲೋಹ ಸಾಯುವುದಿಲ್ಲ, ಜಾಗ ಬದಲಾಯಿಸುತ್ತದೆ ಅಷ್ಟೆ. ಸೋಸಿದ ಬಟ್ಟೆಯ ಪುಡಿ ನೆನಪಿಡಿ ಎಂದದ್ದು ಇದಕ್ಕೇ. ಈ ವಿಷಯದ ಮೇಲೆ ಬರುವ ಪ್ರಬಂಧಗಳಲ್ಲಿ ಹಿಡಿದದ್ದರ ಬಗ್ಗೆ ಹತ್ತು ಪುಟ ಇದ್ದರೆ, ಹಿಡಿದ ಮೇಲೆ ಏನು ಮಾಡಿದಿರಿ ಎಂಬುದಕ್ಕೆ ಒಂದೆರಡು ಸಾಲು.

ನನ್ನ ವೃತ್ತಿಯವರ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು. ಪ್ರಯೋಗಾಲಯದಲ್ಲಿ ಈ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದು ಬಟ್ಟಿ ಇಳಿಸಿದ ನೀರಿನಲ್ಲಿ, ಲೀಟರಿಗೆ 50 ಅಥವಾ 100 ಮಿಲಿಗ್ರಾಂ ಸೀಸ ಹಾಕಿ. ಕುಡಿಯುವ ನೀರಿನ ಮಿತಿಯ 5,000 ಪಟ್ಟು, 10,000 ಪಟ್ಟು ಅದು. ಆ ನೀರಿನಲ್ಲಿ ಶೇಕಡಾ 98 ತೆಗೆದೆವು ಎಂದು ಬರೆಯುತ್ತಾರೆ. 100ರಲ್ಲಿ 98 ಹೋದರೆ ಉಳಿದ 2 ಮಿಲಿಗ್ರಾಂ ಮಿತಿಯ 200 ಪಟ್ಟು! ಇನ್ನು ನಮ್ಮೂರ ನೀರೋ ಗಡಸು ನೀರು, ಸೋಪು ನೊರೆ ಬರುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕಾದಷ್ಟಿವೆ, ಅವಕ್ಕೂ ಧನ ವಿದ್ಯುದಂಶ. ಜಾತ್ರೆಯ ಬಸ್ಸಿನಲ್ಲಿ ಸೀಟು ಹಿಡಿಯುವ ಹಾಗೆ, ಸೀಸದ ಅಣು ಬರುವ ಮೊದಲೇ ಸಿಪ್ಪೆಯ ಕೈಗಳಲ್ಲಿ ಹಲವು ಭರ್ತಿ. ಸೀಸವನ್ನು ಸಿಪ್ಪೆ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ ನಿಜ, ಆದರೂ ಪ್ರಯೋಗಾಲಯದ ಅಂಕಿ ಇಲ್ಲಿ ಬರುವುದಿಲ್ಲ. ‘ಬಿಟ್ಟಿ ಸಿಗುವ ಕಸ’ ಎಂದು ಬರೆಯುವವರೂ ನಮ್ಮೂರಿಗೆ ಬಂದು ನೋಡಬೇಕು. ಕಡಲೆಕಾಯಿ ಸಿಪ್ಪೆ ಇಲ್ಲಿ ಕಸವಲ್ಲ, ಬಾಯ್ಲರಿಗೆ, ಇಟ್ಟಿಗೆ ಗೂಡಿಗೆ ಮಾರಾಟವಾಗುವ ಸರಕು.

ಇಷ್ಟೆಲ್ಲ ಹೇಳಿ, ಹಾಗಾದರೆ ಈ ಕೆಲಸ ಯಾಕೆ ಮಾಡುತ್ತೀಯಮ್ಮ ಎಂದರೆ, ಅದಕ್ಕೆ ಸರಿಯಾದ ಜಾಗ ಇದೆ. ಅದು ನಮ್ಮ ಅಡುಗೆಮನೆ ಅಲ್ಲ, ಪೀಣ್ಯ.

ಇಲ್ಲಿ ಕೂತಿರುವವರಲ್ಲಿ ಅಣ್ಣನೋ ತಮ್ಮನೋ ಮಗನೋ ಪೀಣ್ಯದಲ್ಲಿ ಕೆಲಸ ಮಾಡದ ಮನೆ ಕಡಿಮೆ. ಮಳೆ ಕೈಕೊಟ್ಟ ವರ್ಷ ಮಧುಗಿರಿ, ಪಾವಗಡದ ಬಸ್ಸು ಹತ್ತಿದವರು ಇಳಿದದ್ದು ತುಮಕೂರು ರಸ್ತೆಯ ಆ ಕಾರ್ಖಾನೆಗಳ ಮುಂದೆ. ಅಲ್ಲಿನ ಪ್ಲೇಟಿಂಗ್ ಶಾಪುಗಳಲ್ಲಿ ಕಬ್ಬಿಣಕ್ಕೆ ಕ್ರೋಮ್ ಹೊಳಪು ಕೊಡುತ್ತಾರೆ. ಹೊಳಪು ಕೊಟ್ಟ ಮೇಲೆ ತೊಳೆದ ನೀರು ಹಳದಿ. ಆ ಹಳದಿ ಆರು ವೇಲೆನ್ಸಿಯ ಕ್ರೋಮಿಯಂ, ಕ್ಯಾನ್ಸರ್ ತರುವಂಥದ್ದು. ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಇಳಿದಿರುವುದು ಬಹಳ ಹಿಂದೆಯೇ ದಾಖಲಾಗಿರುವ ವಿಷಯ. ಕಾರ್ಖಾನೆಯಿಂದ ಹೊರಗೆ ಬಿಡುವ ನೀರಿನಲ್ಲಿ ಈ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು ಎಂದು ಕಾನೂನಿದೆ.

ಈಗ ಸಿಪ್ಪೆಯ ಗುಣಕ್ಕೆ ಆ ನೀರನ್ನು ಹೊಂದಿಸಿ ನೋಡಿ. ತೊಳೆದ ನೀರು ಹುಳಿ. ಕ್ರೋಮೇಟಿಗೆ ಋಣ ವಿದ್ಯುದಂಶವಾದರೂ ಹುಳಿ ನೀರಿನಲ್ಲಿ ಸಿಪ್ಪೆಯ ಮೈ ಧನವಾಗಿ ಅದನ್ನು ಎಳೆಯುತ್ತದೆ. ಎಳೆದು ಸುಮ್ಮನಿರುವುದಿಲ್ಲ, ಸಿಪ್ಪೆಯ ಲಿಗ್ನಿನ್ ಆ ಆರು ವೇಲೆನ್ಸಿಯ ವಿಷವನ್ನು ಮೂರು ವೇಲೆನ್ಸಿಯ, ಬಹಳ ಕಡಿಮೆ ಅಪಾಯದ ಕ್ರೋಮಿಯಂ ಆಗಿ ಬದಲಾಯಿಸುತ್ತದೆ. ನೀರು ಬರುವುದು ಒಂದೇ ಪೈಪಿನಿಂದ, ಅದರಲ್ಲಿ ಏನಿದೆ ಎಂದು ಗೊತ್ತು, ನೋಡಿಕೊಳ್ಳಲು ಸಂಬಳದ ಆಳು ಇದ್ದಾನೆ. ತುಂಬಿದ ಪುಡಿಯನ್ನು ಚೀಲಕ್ಕೆ ಹಾಕಿ ಲೆಕ್ಕ ಬರೆದು ಕಳಿಸಲು ದಾಬಸ್‌ಪೇಟೆಯಲ್ಲಿ ಅಪಾಯಕಾರಿ ತ್ಯಾಜ್ಯದ ಘಟಕವೂ ಇದೆ. ದೊಡ್ಡ ಕಾರ್ಖಾನೆಗಳು ಬೈಸಲ್ಫೈಟ್, ಸುಣ್ಣ ಹಾಕಿ ಕ್ರೋಮಿಯಂ ಕೂರಿಸುವ ಹಳೆಯ ವಿಧಾನವನ್ನೇ ಬಳಸಲಿ, ಅದು ಚೆನ್ನಾಗಿಯೇ ಇದೆ. ಅದು ಮುಗಿದ ಮೇಲೆ ಉಳಿಯುವ ಚೂರುಪಾರನ್ನು ಹಿಡಿಯಲು, ಎರಡು ತೊಟ್ಟಿ ಇಟ್ಟುಕೊಂಡಿರುವ ಸಣ್ಣ ಶಾಪುಗಳಿಗೆ, ಹದಮಾಡಿದ ಸಿಪ್ಪೆ ಕೆಲಸಕ್ಕೆ ಬರುತ್ತದೆ ಎನ್ನುವುದು ನನ್ನ ಎಣಿಕೆ. ವಿಷ ಹುಟ್ಟುವ ಬಾಯಲ್ಲೇ ಹಿಡಿಯುವುದು ಸುಲಭ. ಅದು ನೂರು ಊರಿನ ಕೊಡಗಳಿಗೆ ಹಂಚಿಹೋದ ಮೇಲೆ ಯಾವ ಪುಡಿಯೂ ಸಾಲದು.

ನಮ್ಮೂರಲ್ಲಿ ಕಾರ್ಖಾನೆ ಇಲ್ಲ, ಭಾರಲೋಹ ನಮಗೇಕೆ ಎಂದು ಯಾರೋ ಅಂದಹಾಗಾಯಿತು. ಒಂದು ಭಾರಲೋಹ ನಮ್ಮ ಬಂಡೆಯಲ್ಲೇ ಇದೆ, ಯುರೇನಿಯಂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿದಾಗ 57 ಹಳ್ಳಿಗಳಲ್ಲಿ ಅದು ಲೀಟರಿಗೆ 30 ಮೈಕ್ರೋಗ್ರಾಂ ಮೀರಿತ್ತು, 48 ಹಳ್ಳಿಗಳಲ್ಲಿ 60ನ್ನೂ ಮೀರಿತ್ತು. ಆ ಹಳ್ಳಿಗಳಲ್ಲಿ ನಮ್ಮ ಜಿಲ್ಲೆಯವೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 30. ಯುರೇನಿಯಂ ಎಂದೊಡನೆ ಬಾಂಬು, ವಿಕಿರಣ ಎಂದು ಹೆದರಬೇಡಿ. ನೀರಿನಲ್ಲಿ ಅದರ ಮುಖ್ಯ ತೊಂದರೆ ಸೀಸದ ಹಾಗೆ ರಾಸಾಯನಿಕ, ಮೂತ್ರಪಿಂಡಕ್ಕೆ. ಇದನ್ನು ಸಿಪ್ಪೆ ಹಿಡಿಯಬೇಕಲ್ಲ, ಲೋಹ ತಾನೆ? ಇಲ್ಲೇ ತಮಾಷೆ. ನಮ್ಮ ಸೋಡಾ ಗುಣದ ನೀರಿನಲ್ಲಿ ಯುರೇನಿಯಂ ಕಾರ್ಬೋನೇಟಿನ ಹೊದಿಕೆ ಹೊದ್ದು ಕೂರುತ್ತದೆ. ಹೊದಿಕೆ ಹೊದ್ದದ್ದಕ್ಕೆ ಧನ ವಿದ್ಯುದಂಶ ಉಳಿಯುವುದಿಲ್ಲ, ಒಂದೋ ಋಣ, ಇಲ್ಲವೇ ಏನೂ ಇಲ್ಲ. ಸಿಪ್ಪೆಯ ಕೈಗೆ ಅದು ಸಿಗುವುದು ಕಷ್ಟ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಚಿನ್ನದ ಗಣಿಯ ಪಟ್ಟಿಯ ನೀರು ಕುಡಿದು ಜನರ ಅಂಗೈ ಅಂಗಾಲು ಗಂಟುಗಟ್ಟಿದವು. ಅಲ್ಲಿದ್ದದ್ದು ಆರ್ಸೆನಿಕ್, ಅದಕ್ಕೆ ಕಬ್ಬಿಣದ ಅಂಶ ಬೇಕು, ನಿಂಬೆ ಉಪ್ಪಿನ ಸಿಪ್ಪೆ ಅಲ್ಲಿಯೂ ನಡೆಯದು. ಬೀಗ ಯಾವುದೆಂದು ತಿಳಿಯದೆ ಬೀಗದಕೈ ಮಾಡಿಸಿದರೆ ಹೀಗೇ.

ಈಗ ನಮ್ಮ ಮಟ್ಟಿಗೆ ಇರುವ ದಾರಿ. ಐದು ರೂಪಾಯಿ ನಾಣ್ಯ ಹಾಕಿ 20 ಲೀಟರ್ ಹಿಡಿಯುವ ಶುದ್ಧ ನೀರಿನ ಘಟಕ ಇದೆಯಲ್ಲ, ಅದು ಸರಿಯಾಗಿ ನಡೆಯುತ್ತಿದ್ದರೆ ಫ್ಲೋರೈಡ್ ಮತ್ತು ಯುರೇನಿಯಂ ಎರಡನ್ನೂ ಬಹುಮಟ್ಟಿಗೆ ತೆಗೆಯುತ್ತದೆ. ಕುಡಿಯುವುದಕ್ಕೆ ಮಾತ್ರ ಆ ನೀರು, ಅಡುಗೆಗೆ ಬೋರಿನ ನೀರು ಎನ್ನುವ ಮನೆಗಳು ಬಹಳ. ಸಾರಿನಲ್ಲೂ ಮುದ್ದೆಯಲ್ಲೂ ಹೋಗುವುದು ಅದೇ ಫ್ಲೋರೈಡ್. ಘಟಕದ ಒಳಗಿನ ಪೊರೆ ಹಾಳಾದರೂ ನೀರು ಬರುತ್ತಲೇ ಇರುತ್ತದೆ, ರುಚಿಯಲ್ಲಿ ಕೂಡಲೇ ಗೊತ್ತಾಗುವುದಿಲ್ಲ. ಹಾಗಾಗಿ ಬೋರಿನ ನೀರಿನ ಜೊತೆಗೆ ಘಟಕದಿಂದ ಬಂದ ನೀರನ್ನೂ ಪರೀಕ್ಷಿಸಬೇಕು. ಇನ್ನೊಂದು, ಒಂದು ಕೊಡ ಒಳ್ಳೆಯ ನೀರಿಗೆ ಸುಮಾರು ಒಂದು ಕೊಡ, ಹಲವೆಡೆ ಅದಕ್ಕೂ ಹೆಚ್ಚು, ಗಟ್ಟಿ ನೀರು ಹಿಂದುಗಡೆ ಚರಂಡಿಗೆ ಹೋಗುತ್ತದೆ. ತೆಗೆದ ಫ್ಲೋರೈಡ್ ಎಲ್ಲ ಅದರಲ್ಲಿದೆ. ಅದನ್ನು ಇಂಗುಗುಂಡಿಗೆ ಬಿಡಬೇಡಿ, ದನಕ್ಕೂ ಕುಡಿಸಬೇಡಿ.

ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲ, ಯುರೇನಿಯಂ ಇಲ್ಲ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಈ ಶಾಲೆಯ 200 ಚದರ ಮೀಟರ್ ಮಾಳಿಗೆಗೆ ವರ್ಷಕ್ಕೆ 500 ಮಿಲಿಮೀಟರ್ ಎಂದು ಕಡಿಮೆಯೇ ಹಿಡಿದರೂ ಒಂದು ಲಕ್ಷ ಲೀಟರ್. ಸೋರಿದ್ದು, ಮೊದಲ ಮಳೆಯದು ಕಳೆದು 80 ಸಾವಿರ ಉಳಿಯುತ್ತದೆ. ಮಕ್ಕಳ ಬಾಟಲಿಗೆ ವರ್ಷದ ಬಹುಭಾಗ ಸಾಕು. ಪಾವಗಡಕ್ಕೆ ತುಂಗಭದ್ರೆಯ ಹಿನ್ನೀರು ತರುವ ಯೋಜನೆ, ನಮ್ಮ ಕಡೆಗೆ ಎತ್ತಿನಹೊಳೆ, ಇವುಗಳ ಬಗ್ಗೆ ವೇದಿಕೆಯ ಮೇಲಿರುವವರು ನನಗಿಂತ ಚೆನ್ನಾಗಿ ಮಾತಾಡುತ್ತಾರೆ. ಹಳೆಯ ವಿದ್ಯಾರ್ಥಿಗಳ ಸಂಘದವರು ಕಮಾನು ಕಟ್ಟಿಸುವ ಯೋಚನೆಯಲ್ಲಿದ್ದಾರೆ ಎಂದು ಕೇಳಿದೆ. ಕಮಾನಿಗಿಂತ ಮೊದಲು ಮಾಳಿಗೆಗೆ ಪೈಪು, ಕೆಳಗೊಂದು ತೊಟ್ಟಿ ಆಗಲಿ ಎಂದು ನನ್ನ ಕೋರಿಕೆ.

ಹುಣಸೆಯ ವಿಷಯ ಹೇಳದೆ ಹೋದರೆ ನಮ್ಮ ಅಜ್ಜಿಯರು ಬಿಡುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆಹಣ್ಣು 18 ದಿನ ಕೊಟ್ಟು ನೋಡಿ, ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಾಯಿತು ಎಂದು 2002ರಲ್ಲಿ ಪ್ರಕಟಿಸಿದರು. ಹುಣಸೆ ಬೆಳೆಯುವ ನಾಡಿಗೆ ಇದು ಸಂತೋಷದ ಸುದ್ದಿ. ಆದರೆ ಅದು ಒಳಗೆ ಹೋದದ್ದರಲ್ಲಿ ಸ್ವಲ್ಪವನ್ನು ಹೊರಗೆ ಕಳಿಸುತ್ತದೆ, ನೀರನ್ನು ಶುದ್ಧ ಮಾಡುವುದಿಲ್ಲ. ಸಾರಿಗೆ ಹುಣಸೆ ಹಾಕಿ, ನೀರು ಮಾತ್ರ ಬದಲಾಯಿಸಿ.

ಎಲ್ಲಕ್ಕಿಂತ ಮೊದಲ ಕೆಲಸ, ನಮ್ಮ ಯಾವ ಬಾವಿಯಲ್ಲಿ ಏನಿದೆ ಎಂದು ತಿಳಿಯುವುದು. ಪಂಚಾಯಿತಿ ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ತಿಳಿಯುತ್ತದೆ. ಸೀಸ, ಯುರೇನಿಯಂ ತಿಳಿಯುವುದಿಲ್ಲ, ಅದಕ್ಕೆ ದೊಡ್ಡ ಪ್ರಯೋಗಾಲಯವೇ ಬೇಕು. ಮುಖ್ಯೋಪಾಧ್ಯಾಯರ ಜೊತೆ ಮಾತಾಡಿದ್ದೇನೆ. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ತಮ್ಮ ತಮ್ಮ ಹಳ್ಳಿಯ ಕೊಳವೆಬಾವಿಗಳ ನೀರು ತಂದರೆ ಫ್ಲೋರೈಡ್ ಪರೀಕ್ಷೆಯನ್ನು ಇಲ್ಲೇ ಕಲಿತು ಮಾಡುತ್ತಾರೆ, ಲೋಹದ ಪರೀಕ್ಷೆಗೆ ಆರಿಸಿದ ಕೆಲವನ್ನು ನಾನು ಬೆಂಗಳೂರಿಗೆ ಒಯ್ಯುತ್ತೇನೆ. ಲೋಹದ ಪರೀಕ್ಷೆಗೆ ಬೇರೆ ಬಾಟಲಿ, ಅದರಲ್ಲಿ ಆಮ್ಲದ ಹನಿ ಹಾಕಿ ನಾನೇ ಕಳಿಸುತ್ತೇನೆ, ಅದನ್ನು ಮಕ್ಕಳು ತೊಳೆಯಬಾರದು, ಬರಿಗೈಯಲ್ಲಿ ಚೆಲ್ಲಬಾರದು. ಫ್ಲೋರೈಡ್‌ಗೆ ಯಾವುದಾದರೂ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಆಗುತ್ತದೆ, ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬಿಸಿ. ಮೋಟಾರು ಹಾಕಿದ ಕೂಡಲೇ ಹಿಡಿಯಬೇಡಿ, ಹತ್ತು ನಿಮಿಷ ನೀರು ಹೋಗಲಿ. ಬಾಟಲಿಯ ಮೇಲೆ ಊರು, ಹೊಲದವರ ಹೆಸರು, ದಿನಾಂಕ ಬರೆದ ಚೀಟಿ ಅಂಟಿಸಿ. ಬಾವಿ ಎಷ್ಟು ಅಡಿ ಎಂದು ಅಪ್ಪನನ್ನು ಕೇಳಿ ಅದನ್ನೂ ಬರೆಯಿರಿ.